ಕೊಹಿಮಾ ಫಾರ್ವರ್ಡ್: ಮುತ್ತಿಗೆ ಬೇರೆ, ಕಾಳಗ ಬೇರೆ

ಅಣ್ಣ: (ಫಾರ್ವರ್ಡ್) "1944ರಲ್ಲಿ ಜಪಾನೀಯರು ಕೊಹಿಮಾ ಬೆಟ್ಟಕ್ಕೆ ಎರಡೂವರೆ ತಿಂಗಳು ಮುತ್ತಿಗೆ ಹಾಕಿದರೂ ಒಳಗಿದ್ದ 1500 ಸೈನಿಕರು ಜಗ್ಗಲಿಲ್ಲ!"

ಮಾವ: ಇದನ್ನ ಮುಂದಕ್ಕೆ ಕಳಿಸಬೇಡಪ್ಪ. ಬ್ರಿಟಿಷ್ ಇಂಡಿಯಾ ಸೈನ್ಯ ನಿಂತಿದ್ದ ಕೊಹಿಮಾದ ಗುಡ್ಡ ಗ್ಯಾರಿಸನ್ ಹಿಲ್ ಮುತ್ತಿಗೆಯಲ್ಲಿದ್ದದ್ದು ಬರೀ ಎರಡು ವಾರ. ಏಪ್ರಿಲ್ 18ಕ್ಕೆ ಪಂಜಾಬ್ ರೆಜಿಮೆಂಟಿನವರು ನೆರವಿಗೆ ಒಳಗೆ ಬಂದರು. ಆಮೇಲಿನದೆಲ್ಲ ಕಳೆದುಕೊಂಡ ಗುಡ್ಡಗಳನ್ನ ಒಂದೊಂದಾಗಿ ತಿರುಗಿ ಹಿಡಿಯೋ ಕೆಲಸ. ಇಂಫಾಲ ರಸ್ತೆ ತೆರೆದದ್ದು ಜೂನ್ 22ಕ್ಕೆ.

ನಾನು: ಆದ್ರೂ ಆ ಎರಡು ವಾರ ತಡೆದದ್ದು ದೊಡ್ಡದಲ್ವಾ ಮಾವ?

ದೊಡ್ಡಮ್ಮ: ದೊಡ್ಡದೇ ಮಗಾ. ಆದ್ರೆ ಶೌರ್ಯ ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ನೀರಿನ ವಿಷಯ ಮರೆತೇಹೋಗತ್ತೆ. ಪಕ್ಕದ ಜಿಪಿಟಿ ರಿಡ್ಜ್ ಅನ್ನೋ ಗುಡ್ಡಸಾಲು ಶುರುವಲ್ಲೇ ಕೈತಪ್ಪಿತು, ಅದರ ಜೊತೆ ನೀರೂ ಹೋಯ್ತು. ಇಳಿಜಾರಲ್ಲಿ ಸಿಕ್ಕ ಒಂದು ಸಣ್ಣ ಒರತೆಗೆ ಕತ್ತಲಲ್ಲಿ ಮಾತ್ರ ತೆವಳಿ ಹೋಗಬೇಕು. ಗಾಯಾಳುಗಳು ಮಲಗಿದ್ದ ಗುಂಡಿಗಳ ಮೇಲೂ ಶೆಲ್ ಬೀಳ್ತಿತ್ತು, ಗಾಯದ ಮೇಲೆ ಗಾಯ. ಬೆಟ್ಟದ ತುದಿ ಎಷ್ಟು ಇಕ್ಕಟ್ಟು ಅಂದ್ರೆ ವಿಮಾನದಿಂದ ಸಾಮಾನು ಇಳಿಸೋ ಪ್ಯಾರಾಚೂಟ್ ಒಂಚೂರು ಸರಿದರೂ ಜಪಾನೀಯರ ಪಾಲು. ಹಾಗೆ ಸಿಕ್ಕ 3 ಇಂಚಿನ ಮಾರ್ಟರ್ ಶೆಲ್ಲುಗಳನ್ನ, ಕಿತ್ತುಕೊಂಡ ಮಾರ್ಟರ್‌ಗಳಿಂದಲೇ ಇವರ ಮೇಲೆ ಹಾರಿಸಿದರು.

ಮಾವ: ಜೊತ್ಸೋಮಾ ಹಳ್ಳಿ ಬಿಟ್ರಿ ಅಕ್ಕ. ಅಲ್ಲಿದ್ದ ನಮ್ಮ ಕಡೆಯ 161ನೇ ಬ್ರಿಗೇಡಿನ ಫಿರಂಗಿಗಳು 3 ಕಿ.ಮೀ. ಆಚೆಯಿಂದ ಕಂದಕಗಳ ಮೂತಿ ಮುಂದೆಯೇ ಶೆಲ್ ಬೀಳಿಸ್ತಿದ್ವು. ಅವಿಲ್ಲದಿದ್ರೆ ಬೆಟ್ಟ ಹೋಗ್ತಿತ್ತು.

ಅಣ್ಣ: ಸರಿ ಮಾವ, ದಿನದ ಲೆಕ್ಕ ಒಪ್ಪಿದೆ. ಆದ್ರೆ ಜಪಾನಿನ 31ನೇ ಡಿವಿಷನ್ನಿನ ಸೇನಾಪತಿ ಸಾಟೊ ಆ ಗುಡ್ಡಕ್ಕೇ ಯಾಕೆ ಅಂಟಿಕೊಂಡ? 74 ಕಿ.ಮೀ. ಕೆಳಗೆ ಡಿಮಾಪುರ, ಅಲ್ಲಿ ಬ್ರಿಟಿಷರ 18 ಕಿ.ಮೀ. ಉದ್ದದ ಉಗ್ರಾಣ. ಅದನ್ನ ಹಿಡಿದಾರು ಅಂತ ಬ್ರಿಟಿಷ್ ಸೇನಾಪತಿ ಸ್ಲಿಮ್‌ಗೂ ಭಯ ಇತ್ತು.

ಮಾವ: ಸಾಟೊ ಹತ್ರ ಇದ್ದದ್ದು ಮೂರು ವಾರದ ಊಟ. ಬರ್ಮಾದ ಚಿಂದ್ವಿನ್ ನದಿಯಿಂದ ಕಾಡುದಾರೀಲಿ ಹಿಂದಿನಿಂದ ಏನೂ ಬರಲಿಲ್ಲ. ಅವನ ಮೇಲಧಿಕಾರಿ ಮುತಾಗುಚಿ ಡಿಮಾಪುರಕ್ಕೆ ಹೋಗು ಅಂದ, ಇನ್ನೂ ಮೇಲಿನ ಕವಾಬೆ ಬೇಡ ಅಂದ. ಕೊನೆಗೆ ಸಾಟೊ ಮೇ 31ಕ್ಕೆ ಆಜ್ಞೆ ಮೀರಿ ಹಿಂದೆ ಸರಿದ.

ಅಣ್ಣ: ಊಟ ಇಲ್ಲದವನು ಉಗ್ರಾಣಕ್ಕೆ ಹೋಗೋದು ಬಿಟ್ಟು ಗುಡ್ಡ ಕಾಯೋದಾ?

ನಾನು: ಗುಡ್ಡದ ಮೇಲಿನ ಡಿ.ಸಿ. (ಜಿಲ್ಲಾಧಿಕಾರಿ) ಬಂಗಲೆ ಜಪಾನೀಯರಿಂದ ತಿರುಗಿ ಹಿಡಿಯೋಕೆ ಮೇ 13ರ ತನಕ ಯಾಕೆ ಬೇಕಾಯ್ತು? ನಡುವೆ ಇದ್ದದ್ದು ಒಂದು ಟೆನಿಸ್ ಕೋರ್ಟ್ ಅಲ್ವಾ?

ದೊಡ್ಡಮ್ಮ: ಅಲ್ಲಿ ನೆಲ ಮೆಟ್ಟಿಲು ಮೆಟ್ಟಿಲಾಗಿದೆ, ದೂರದ ಫಿರಂಗಿ ಗುಂಡು ಬಂಕರಿನ ಬಾಯಿಗೆ ತಾಗ್ತಿರಲಿಲ್ಲ. ಬುಲ್‌ಡೋಜರಿನಲ್ಲಿ ದಾರಿ ಕಡಿದು, ಒಂದು ಲೀ ಟ್ಯಾಂಕನ್ನ ಮೇಲಿಂದ ಜಾರಿಸಿ ಕೋರ್ಟಿಗೇ ಇಳಿಸಿದರು. ಅದರ 75 ಮಿ.ಮೀ. ತೋಪು ಸುಮಾರು 20 ಗಜದಿಂದ ಒಂದೊಂದೇ ಬಂಕರ್ ಒಡೀತು, ಹಿಂದೆಯೇ ಬ್ರಿಟಿಷ್ ಡಾರ್ಸೆಟ್ ರೆಜಿಮೆಂಟಿನವರು ನುಗ್ಗಿದರು. ಈಗ ಅದೇ ಜಾಗ ಯುದ್ಧ ಸ್ಮಶಾನ, ಕೋರ್ಟಿನ ಗೆರೆ ಉಳಿಸಿದ್ದಾರೆ. ಹಿಂದೂ, ಸಿಖ್ ಸೈನಿಕರ ಸ್ಮಾರಕವೂ ಅಲ್ಲೇ ಇದೆ. ಫಾರ್ವರ್ಡಿನಲ್ಲಿ ಭಾರತೀಯ ಸೈನಿಕರ ಮಾತಿಲ್ಲ, ಗಾಯಾಳುಗಳನ್ನ ಹೊತ್ತ ನಾಗಾ ಜನರ ಮಾತೂ ಇಲ್ಲ. ನನಗೆ ಬೇಜಾರಾದದ್ದು ಅದು.

ಅಣ್ಣ: ಅಳಿಸಿದೆ ದೊಡ್ಡಮ್ಮ. ತಿದ್ದಿ ಹಾಕ್ತೀನಿ. ಡಿಮಾಪುರದ ಮಾತು ಮಾತ್ರ ನಾನು ಬಿಡಲ್ಲ ಮಾವ.