ವಿದೇಶದಿಂದ ಊರಿಗೆ ವಾಪಸು: ತೋಟ ನೋಡಿಕೊಂಡ ತಮ್ಮನಿಗೆ ಏನು ಸಲ್ಲಬೇಕು?

ಬೆಟ್ಟದೂರು: ಎಲ್ಲರಿಗೂ ನಮಸ್ಕಾರ. ಕೆನಡಾಕ್ಕೆ ಬಂದು ಹದಿನೈದು ವರ್ಷ ದಾಟಿತು. ಮುಂದಿನ ಬೇಸಿಗೆಗೆ ಸಂಸಾರ ಸಮೇತ ಊರಿಗೆ ಬಂದುಬಿಡುವುದೆಂದು ತೀರ್ಮಾನಿಸಿದ್ದೇವೆ. ನನ್ನದು ಈಗಲೂ ಭಾರತದ ಪಾಸ್‌ಪೋರ್ಟು. ಹೆಂಡತಿ, ಮಗ ಅಲ್ಲಿನ ಪೌರರು, ಓಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದೆ. ಕೊಡಗಿನ ನಾಪೋಕ್ಲು ಕಡೆ ಅಪ್ಪನ ಕಾಫಿ ತೋಟ, ಬಹುಪಾಲು ರೋಬಸ್ಟಾ, ಮರಗಳಿಗೆ ಮೆಣಸು. ಅಪ್ಪ ಹೋದ ಮೇಲೆ ಪೂರ್ತಿ ನೋಡಿಕೊಂಡವನು ತಮ್ಮ. ಪಾಲು ಆಗಿಲ್ಲ. ‘ಬಾ’ ಅಂತ ಕರೆಯುತ್ತಿರುವುದೂ ಅವನೇ. ಆದರೆ ಪಾಲಿನ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಬರುವ ಮೊದಲೇ ಮಾತಾಡಬೇಕೋ, ಬಂದು ಒಂದೆರಡು ವರ್ಷ ಕಳೆದ ಮೇಲೋ?

ಹೂಮಳೆ: ನಾನು ಊರಲ್ಲೇ ಉಳಿದ ತಮ್ಮ. ಆ ಕಡೆಯಿಂದಲೇ ಹೇಳ್ತೇನೆ. ರೋಬಸ್ಟಾ ಬೆಲೆ ವರ್ಷಗಟ್ಟಲೆ ಏಳದೆ ಬಿದ್ದಿದ್ದಾಗ ‘ಮಾರಿಬಿಡು, ಏನಿದೆ ಅದರಲ್ಲಿ’ ಅಂತ ಫೋನಿನಲ್ಲಿ ಹೇಳಿದವರು, 2024ರಲ್ಲಿ ಬೆಲೆ ದಾಖಲೆ ಮುಟ್ಟಿದ ಮೇಲೆ ಪಹಣಿ ಕೇಳಲು ಶುರು ಮಾಡಿದ್ದಾರೆ. ನಿಮ್ಮನ್ನು ಹೇಳ್ತಿಲ್ಲ, ನಮ್ಮ ಸುತ್ತಮುತ್ತ ನಡೀತಿರೋದು ಇದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಮಲಗಿದವರು ಇಲ್ಲಿದ್ದವರೇ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪೈಪು ಹೊತ್ತು ರಾತ್ರಿಯಿಡೀ ಪಂಪು ಕಾಯಬೇಕು. ಹೂ ಬಿಟ್ಟ ಮೇಲೆ ಎರಡನೇ ಮಳೆ ಸಮಯಕ್ಕೆ ಸಿಗದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಆನೆ ನುಗ್ಗಿದ ಬೆಳಿಗ್ಗೆ ಮುರಿದ ಗಿಡಗಳ ಮಧ್ಯೆ ನಿಂತು ಕೂಲಿಯವರನ್ನು ಕೆಲಸಕ್ಕೆ ಒಪ್ಪಿಸುವುದೂ ನಮ್ಮ ಪಾಲಿಗೇ. ಈ ದುಡಿಮೆಗೆ ಲೆಕ್ಕ ಕಟ್ಟದೆ ಸಮಪಾಲು ಅನ್ನುವುದು ಅನ್ಯಾಯ.

ಪೊನ್ನಂಪೇಟೆಯವಳು: ಅಣ್ಣ, ದುಡಿಮೆಗೆ ಬೆಲೆ ಇದೆ, ಒಪ್ಪಿದೆ. ಹೊರಗಿನಿಂದ ಬಂದ ದುಡ್ಡಿಗೆ ಇಲ್ಲವೇ? ನಮ್ಮಲ್ಲಿ ಕೆರೆ ತೋಡಿಸಿದ್ದು, ಕಣಕ್ಕೆ ಸಿಮೆಂಟು ಹಾಕಿಸಿದ್ದು, ಅಪ್ಪನನ್ನು ಮೈಸೂರಿಗೆ ಕರೆದೊಯ್ದು ಆಸ್ಪತ್ರೆಯಲ್ಲಿಟ್ಟದ್ದು, ಎಲ್ಲ ನಾನು ಸಿಂಗಾಪುರದಿಂದ ಕಳಿಸಿದ ಹಣದಲ್ಲಿ. ವಾಪಸು ಬಂದು ಪಾಲು ಕೇಳಿದರೆ ‘ನೀನು ಇಲ್ಲಿರಲಿಲ್ಲವಲ್ಲ’ ಅಂದರು. ಹೆಣ್ಣುಮಕ್ಕಳಿಗಾದರೆ ಇನ್ನೊಂದು ಮಾತು ಸೇರುತ್ತದೆ, ‘ಮದುವೆ ಮಾಡಿ ಕೊಟ್ಟಾಯ್ತಲ್ಲ’. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿದರು. ಮನೆಯ ಹಿರಿಯರ ಬಾಯಿಗೆ ಅದು ಇನ್ನೂ ಬಂದಿಲ್ಲ.

ಹೂಮಳೆ: ಅಕ್ಕ, ಕಳಿಸಿದ ಹಣ ಖಂಡಿತ ಲೆಕ್ಕಕ್ಕೆ ಬರಬೇಕು. ನಾನು ಕೇಳ್ತಿರೋದು ಎರಡೂ ಬರಲಿ ಅಂತ. ತೋಟಕ್ಕೆ ಮ್ಯಾನೇಜರ್ ಇಟ್ಟಿದ್ದರೆ ಎಷ್ಟು ಸಂಬಳ ಕೊಡಬೇಕಿತ್ತೋ ಅದನ್ನು ತಮ್ಮನ ಹೆಸರಿಗೆ ಬರೆಯಿರಿ.

ಪೊನ್ನಂಪೇಟೆಯವಳು: ಅಷ್ಟೂ ವರ್ಷ ಫಸಲಿನ ದುಡ್ಡು ಯಾರ ಕೈಗೆ ಹೋಯಿತು? ಸಂಬಳ ಬರೆಯುವುದಾದರೆ ಅದನ್ನೂ ಬರೆಯಬೇಕು.

ಹೂಮಳೆ: ಬೆಲೆ ಇಲ್ಲದ ವರ್ಷಗಳಲ್ಲಿ ಫಸಲಿನ ದುಡ್ಡು ಕೂಲಿಗೆ, ಗೊಬ್ಬರಕ್ಕೆ ಸಾಲದೆ ಸೊಸೈಟಿಯಲ್ಲಿ ಸಾಲ ಮಾಡಿದ್ದೇವೆ. ಬರೆಯುವುದಾದರೆ ಬರೆಯೋಣ. ನನಗೆ ಹೆದರಿಕೆ ಇಲ್ಲ.

ಮಸ್ಕತ್-ನಾಪೋಕ್ಲು: ನಿಮಗೆ ಬರಬೇಕೋ ಬೇಡವೋ ಅನ್ನುವ ಆಯ್ಕೆಯಾದರೂ ಇದೆ. ಗಲ್ಫ್‌ನಲ್ಲಿ ಕೆಲಸ ಹೋದರೆ ಅದರ ಹಿಂದೆಯೇ ವೀಸಾ ಹೋಗುತ್ತದೆ, ನಮ್ಮಂಥವರಿಗೆ ಅಲ್ಲಿನ ಪೌರತ್ವದ ಆಸೆಯೇ ಇಲ್ಲ. ಹಾಗಾಗಿ ಹೊರಟ ದಿನದಿಂದಲೇ ವಾಪಸು ಬರುವ ಯೋಚನೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಮಾಕುಟ್ಟ ಘಾಟಿ ಹತ್ತಿ ಮನೆಗೆ ಬರುವುದು ಸಲೀಸಾಯಿತು. ರಜೆಗೆ ಬಂದಾಗಲೆಲ್ಲ ಅಣ್ಣತಮ್ಮಂದಿರು ಒಂದು ಸಂಜೆ ಕೂತು ಆ ವರ್ಷದ ಲೆಕ್ಕ ನೋಡಿಬಿಡುತ್ತಿದ್ದೆವು. ಅಣ್ಣಾ, ನೀವು ಬರುವ ಮೊದಲೇ ಮಾತಾಡಿ. ಆದರೆ ಫೋನಿನಲ್ಲಿ ಬೇಡ, ಒಮ್ಮೆ ಬಂದು ಎದುರು ಕೂತು ಮಾತಾಡಿ. ಪೆಟ್ಟಿಗೆ ಸಮೇತ ಬಂದಿಳಿದ ಮೇಲೆ ಕೇಳಿದರೆ ಅದು ಕೇಳಿದ ಹಾಗೆ ಇರುವುದಿಲ್ಲ, ತಮ್ಮನನ್ನು ಎಬ್ಬಿಸಿದ ಹಾಗೆ ಆಗುತ್ತದೆ.

ಮಡಿಕೇರಿ ಲೆಕ್ಕಪತ್ರ: ನ್ಯಾಯ ನೀವು ನೋಡಿಕೊಳ್ಳಿ, ನಾನು ಕಾಗದದ ವಿಷಯ ಹೇಳ್ತೇನೆ.

ಮೊದಲು ಪಹಣಿ ನೋಡಿ. ಜಮ್ಮಾ ಬಾಣೆ (ಕೊಡಗಿನ ಮನೆತನಗಳ ವಂಶಪಾರಂಪರ್ಯ ಜಮೀನು) ಸೇರಿದ್ದರೆ ಪಟ್ಟೇದಾರರ (ಮನೆತನದ ಪರವಾಗಿ ದಾಖಲೆಯಲ್ಲಿರುವವರ) ಜೊತೆ ಒಕ್ಕದ, ಅಂದರೆ ಮನೆತನದ, ಎಷ್ಟೋ ಜನರ ಹೆಸರು ಅದರಲ್ಲಿ ಕೂತಿರುತ್ತದೆ. ಒಕ್ಕದಲ್ಲಿ ಅಪ್ಪನ ಭಾಗ ಎಲ್ಲಿಂದ ಎಲ್ಲಿಯವರೆಗೆ ಅಂತಲೇ ಕಾಗದದಲ್ಲಿ ಇಲ್ಲದಿದ್ದರೆ ನೀವು ಮಕ್ಕಳು ಹಂಚಿಕೊಳ್ಳುವುದು ಏನನ್ನು? ಬ್ಯಾಂಕು ಸಾಲಕ್ಕೆ ಹೋದಾಗಲೂ ಅಲ್ಲೇ ತಡೆ. ನಿಮಗೂ ತಮ್ಮನಿಗೂ ಜಗಳವೇ ಇಲ್ಲದಿದ್ದರೂ ಈ ಕೆಲಸ ವರ್ಷಗಟ್ಟಲೆ ಎಳೆಯಬಹುದು. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ಹೆಂಡತಿ, ಮಗನ ವಿಷಯ: ಹೊರದೇಶದಲ್ಲಿ ನೆಲೆಸಿರುವ ಓಸಿಐಗಳು ಇಲ್ಲಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ವಾರಸುದಾರಿಕೆಯಿಂದ ಬರಬಹುದು. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣೆ ಕಾಯ್ದೆಯಲ್ಲಿ ಕೃಷಿ ಜಮೀನು ಯಾರು ಕೊಳ್ಳಬಹುದೆಂದು ಮಿತಿ ಹಾಕಿದ್ದ 79ಎ, 79ಬಿ ಕಲಂ ತೆಗೆದ ಮೇಲೆ ಯಾರು ಬೇಕಾದರೂ ತೋಟ ಕೊಳ್ಳಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ವಿದೇಶಿ ವಿನಿಮಯದ ನಿಯಮ ಬೇರೆಯೇ ಇದೆ, ಅದು ಬದಲಾಗಿಲ್ಲ.

ನಿಮ್ಮ ಹಣದ ವಿಷಯ: ಬಂದು ನೆಲೆಸಿದ ಕೂಡಲೇ ಎನ್‌ಆರ್‌ಇ (ಅನಿವಾಸಿಗಳ ರೂಪಾಯಿ) ಖಾತೆಯನ್ನು ನಿವಾಸಿ ಖಾತೆಗೆ ಬದಲಿಸಬೇಕು. ಡಾಲರಿನಲ್ಲೇ ಇಡುವುದಾದರೆ ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆ ತೆರೆಯಿರಿ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿದ್ದವರಿಗೆ ಆರ್‌ಎನ್‌ಓಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಅನ್ನುವ ದರ್ಜೆ ಸಿಗುತ್ತದೆ. ಅದಿರುವವರೆಗೆ ಅಲ್ಲಿನ ಬಡ್ಡಿ, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಕೆನಡಾದ ಪ್ರತಿಯೊಂದು ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು.

ಕುಶಾಲನಗರ ಮೇಷ್ಟ್ರು: ಮಗನಿಗೆ ಎಷ್ಟು ವಯಸ್ಸು? ಅವನನ್ನು ಯಾರೂ ಕೇಳಲೇ ಇಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಶಾಲೆಗಳಲ್ಲಿ ಕನ್ನಡ ಪ್ರಥಮ ಇಲ್ಲವೇ ದ್ವಿತೀಯ ಭಾಷೆ. ಅಕ್ಷರ ಈಗಲೇ ಶುರು ಮಾಡಿಸಿ. ಮನೆಯಲ್ಲಿ ಮಾತಾಡುತ್ತಾನೆ, ಸಾಕು ಅನ್ನಬೇಡಿ. ಹೊರಗಿನಿಂದ ಬಂದ ಮಕ್ಕಳು ಮಾತಿನಲ್ಲಿ ಬೇಗ ಸೇರಿಕೊಳ್ಳುತ್ತಾರೆ, ಬರೆಯುವ ಹೊತ್ತಿಗೆ ಕುಗ್ಗಿ ಹೋಗುತ್ತಾರೆ. ನನ್ನ ತರಗತಿಯಲ್ಲೇ ನೋಡಿದ್ದೇನೆ.

ಬೆಟ್ಟದೂರು: ಹನ್ನೆರಡು, ಸರ್. ಈ ವಾರವೇ ಶುರು ಮಾಡ್ತೇವೆ. ಎಲ್ಲರ ಮಾತು ಓದಿದೆ. ಹುತ್ತರಿಗೆ (ನಮ್ಮ ಸುಗ್ಗಿ ಹಬ್ಬಕ್ಕೆ) ನಾನೊಬ್ಬನೇ ಮೊದಲು ಬರ್ತೇನೆ. ರಜೆ ಸಿಕ್ಕಷ್ಟು ದಿನ ಕೊಯ್ಲಿನಲ್ಲಿ ತಮ್ಮನ ಜೊತೆಗಿದ್ದು, ಆಮೇಲೆ ಕೂತು ಮಾತಾಡ್ತೇನೆ. ಮನೆ ಇರುವ ಭಾಗ ಅವನಿಗೇ ಇರಲಿ ಅನ್ನುವುದು ನನ್ನ ಮನಸ್ಸಿನಲ್ಲಿದೆ. ಅವನ ಹೆಂಡತಿ ಆ ಮನೆಯನ್ನು ಇಟ್ಟುಕೊಂಡಿರುವ ರೀತಿ ನೋಡಿದ್ದೇನೆ. ಅಲ್ಲಿಂದ ಅವರು ಏಳುವುದು ನನಗೆ ಬೇಡ.

ಪೊನ್ನಂಪೇಟೆಯವಳು: ‘ನಾವಿಬ್ಬರೂ’ ಅಂತ ಬರೆದಿದ್ದೀರಿ. ಅಕ್ಕತಂಗಿಯರು ಇಲ್ಲವೇ?

ಬೆಟ್ಟದೂರು: ತಂಗಿ ಇದ್ದಾಳೆ, ಹುಣಸೂರಿನಲ್ಲಿ. ಹುತ್ತರಿಗೆ ಅವಳೂ ಬರುವವಳೇ. ಮೂವರೂ ಕೂರ್ತೇವೆ.

ಪೊನ್ನಂಪೇಟೆಯವಳು: ಅವಳಿಗೆ ಈಗಲೇ ಫೋನ್ ಮಾಡಿ ವಿಷಯ ಹೇಳಿ. ಹಬ್ಬದ ಊಟ ಮುಗಿದ ಮೇಲೆ ಕರೆದು ಕೂರಿಸಿದರೆ ಅವಳು ಏನೂ ಹೇಳುವುದಿಲ್ಲ.

ಹೂಮಳೆ: ಅಕ್ಕ ಹೇಳಿದ್ದು ಸರಿ, ಅದನ್ನು ನಾನೂ ಒಪ್ತೇನೆ. ಮತ್ತೆ, ತಮ್ಮನ ಸೊಸೈಟಿ ಸಾಲ ಎಷ್ಟು ಉಳಿದಿದೆ ಅಂತ ನೀವೇ ಕೇಳಿ. ಅವನಾಗಿ ಬಾಯಿ ಬಿಡುವುದಿಲ್ಲ.