ಸೆಲ್ಫ್ ಹೊಡೆದರೆ ಪ್ಲಾಟರ್ ಆಫ್, ವೇಗ ಹೆಚ್ಚಿದರೆ ಆಳ ಮಾಯ: ಹೊಸ ಯೂನಿಟ್ ತಗೋಬೇಕಾ?

ಗಾಳದ ಗೆಳೆಯ:
ಎಲ್ಲರಿಗೂ ನಮಸ್ಕಾರ. ಒಂದು ನಿರ್ಧಾರಕ್ಕೆ ಬರಲು ಆಗುತ್ತಿಲ್ಲ, ಸಹಾಯ ಬೇಕು.

ನನ್ನದು 19 ಅಡಿಯ ಫೈಬರ್ ದೋಣಿ. ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್, ಇರುವುದು ಒಂದೇ ಬ್ಯಾಟರಿ. ರಜೆ ಸಿಕ್ಕಾಗ ಗಾಳ ಹಾಕಲು ಹೋಗುತ್ತೇನೆ. 15ರಿಂದ 40 ಮೀಟರ್ ಆಳದ ಬಂಡೆ ಜಾಗಗಳೇ ಜಾಸ್ತಿ. ಈಗಿರುವುದು 5 ಇಂಚಿನ ಹಳೆಯ ಚಾರ್ಟ್‌ಪ್ಲಾಟರ್, ಅಂದರೆ ನೀರಿನ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಪರದೆ. ಮೀನು ನೋಡುವ ಸೋನಾರ್ ಕೂಡ ಅದರಲ್ಲೇ ಇದೆ.

ತೊಂದರೆ ಎರಡು. ಸೆಲ್ಫ್ ಹೊಡೆದ ಕೂಡಲೇ ಪರದೆ ಮಂಕಾಗಿ ಆರಿಹೋಗುತ್ತದೆ. ಅದು ಮತ್ತೆ ಎದ್ದು ಸ್ಯಾಟಲೈಟ್ ಹಿಡಿಯುವಷ್ಟರಲ್ಲಿ ದೋಣಿ ತೇಲಿ ಬಂಡೆಯಿಂದ ಆಚೆ ಹೋಗಿರುತ್ತದೆ. ಇನ್ನೊಂದು, ನಿಧಾನಕ್ಕೆ ಹೋಗುವಾಗ ಆಳ ಸರಿಯಾಗಿ ಬರುತ್ತದೆ, 8 ನಾಟ್ (ಗಂಟೆಗೆ ಸುಮಾರು 15 ಕಿಲೋಮೀಟರ್) ದಾಟಿದರೆ ಅಂಕಿ ಮಿಟುಕಲು ಶುರು, 12 ನಾಟ್‌ಗೆ ಏನೂ ಇಲ್ಲ.

ಯೂನಿಟ್ ಹಳೆಯದಾಯಿತು, 9 ಇಂಚಿನದು ಹಾಕಿಬಿಡೋಣ ಅಂತ ಮನಸ್ಸು. ಯಾವುದು ತೆಗೆದುಕೊಳ್ಳಲಿ?

ಹಳೇ ಲಂಗರು:
ಸ್ವಲ್ಪ ತಡೆಯಿರಿ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದೂ ಪ್ಲಾಟರ್‌ನದ್ದು ಅಂತ ನನಗೆ ಅನಿಸುತ್ತಿಲ್ಲ. ಮೊದಲನೆಯದು ಕರೆಂಟಿನದು, ಎರಡನೆಯದು ಟ್ರಾನ್ಸ್‌ಡ್ಯೂಸರ್ (ದೋಣಿಯ ಹಿಂಬದಿಯಲ್ಲಿ ನೀರಿನೊಳಗೆ ಇದ್ದು ಸೋನಾರ್‌ನ ಶಬ್ದ ಕಳಿಸಿ ವಾಪಸು ಹಿಡಿಯುವ ಭಾಗ) ಕೂತ ಜಾಗದ್ದು. ಇದೇ ವೈರಿಗೆ, ಇದೇ ಜಾಗಕ್ಕೆ ಹೊಸ 9 ಇಂಚಿನದನ್ನು ಜೋಡಿಸಿದರೆ ಅದೂ ಹೀಗೇ ಮಾಡುತ್ತದೆ. ದೊಡ್ಡ ಪರದೆ ಕರೆಂಟನ್ನೂ ಜಾಸ್ತಿ ಎಳೆಯುತ್ತದೆ, ಹಾಗಾಗಿ ಇನ್ನೂ ಬೇಗ ಆರುತ್ತದೆ.

ಒಂದು ಮಲ್ಟಿಮೀಟರ್ ಹಿಡಿದು ದೋಣಿಗೆ ಹೋಗಿ. ಪ್ಲಾಟರ್ ಆನ್ ಮಾಡಿ, ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಪ್ಲಾಟರ್ ಹಿಂದಿನ ಪ್ಲಗ್ ಹತ್ತಿರ ಅಳೆಯಿರಿ. ಎರಡೂ ಕಡೆ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಮತ್ತೆ ನೋಡಿ. ಮೀಟರಿನಲ್ಲಿ ಅತಿ ಕಡಿಮೆ ಅಂಕಿಯನ್ನು ಹಿಡಿದಿಡುವ ಬಟನ್ ಇದ್ದರೆ ಅದನ್ನೇ ಬಳಸಿ, ಆ ಕ್ಷಣದ ಇಳಿತ ಕಣ್ಣಿಗೆ ಸಿಗುವುದಿಲ್ಲ. ಕೊನೆಯದಾಗಿ, ಪ್ಲಾಟರ್ ಓಡುತ್ತಿರುವಾಗಲೇ ಫ್ಯೂಸ್ ಹೋಲ್ಡರಿನ ಈ ಕಡೆಯಿಂದ ಆ ಕಡೆಗೆ ಮೀಟರಿನ ಎರಡು ಕಡ್ಡಿ ಇಟ್ಟು ಅಳೆಯಿರಿ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು.

ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂತಿದೆ ಅಂತಲೂ ಬರೆಯಿರಿ. ಎಡಕ್ಕೋ ಬಲಕ್ಕೋ, ಪ್ರೊಪೆಲರ್‌ನಿಂದ ಎಷ್ಟು ದೂರ, ಅದರ ಮುಂದೆ ತಳದಲ್ಲಿ ಏಣು ಅಥವಾ ತೂತು ಏನಾದರೂ ಇದೆಯಾ.

ಗಾಳದ ಗೆಳೆಯ:
ಅಳೆದು ಬಂದೆ. ಸುಮ್ಮನಿದ್ದಾಗ ಬ್ಯಾಟರಿಯಲ್ಲಿ 12.6, ಪ್ಲಾಟರ್ ಹಿಂದೆ 11.7. ಸೆಲ್ಫ್ ಹೊಡೆದಾಗ ಬ್ಯಾಟರಿ 10.6ಕ್ಕೆ ಇಳಿಯಿತು, ಪ್ಲಾಟರ್ ಹಿಂದೆ 9.4. ಫ್ಯೂಸ್ ಹೋಲ್ಡರಿನಲ್ಲೇ 0.5 ವೋಲ್ಟ್ ತೋರಿಸಿತು! ಬಿಚ್ಚಿ ನೋಡಿದರೆ ಸ್ಪ್ರಿಂಗ್ ತುಂಬಾ ಹಸಿರು ಕಿಲುಬು. ಫ್ಯೂಸಿನ ಒಂದು ಟೋಪಿ ಒಳಗೇ ಅಂಟಿಕೊಂಡಿತ್ತು, ಇಕ್ಕಳದಲ್ಲಿ ಎಳೆಯಬೇಕಾಯಿತು. ವೈರ್ 0.75 ಚದರ ಮಿಲಿಮೀಟರಿನದು, ಬ್ಯಾಟರಿಯಿಂದ ಪ್ಲಾಟರ್‌ವರೆಗೆ ಸುಮಾರು 5 ಮೀಟರ್. ಪ್ಲಾಟರ್ ಎಳೆಯುವುದು 1.5 ಆಂಪಿಯರ್ ಅಂತ ಮ್ಯಾನ್ಯುಯಲ್‌ನಲ್ಲಿದೆ, ಕನಿಷ್ಠ ವೋಲ್ಟೇಜ್ 10.

ಟ್ರಾನ್ಸ್‌ಡ್ಯೂಸರ್ ಎಡಬದಿಯಲ್ಲಿದೆ. ಪ್ರೊಪೆಲರ್‌ನಿಂದ ಒಂದು ಗೇಣು ದೂರ ಇರಬಹುದು. ತಳದ ಉದ್ದಕ್ಕೂ ಬರುವ ಏಣು ಸರಿಯಾಗಿ ಅದರ ಮುಂದೆಯೇ ಮುಗಿಯುತ್ತದೆ.

ಹಳೇ ಲಂಗರು:
ನಿಮ್ಮ ಅಂಕಿಗಳೇ ಎಲ್ಲ ಹೇಳುತ್ತಿವೆ. ಹೋಗುವ ವೈರ್ 5 ಮೀಟರ್, ಬರುವ ವೈರ್ 5 ಮೀಟರ್, ಒಟ್ಟು 10. ಅಷ್ಟು ಉದ್ದದ 0.75ರ ತಾಮ್ರದ ತಂತಿಗೆ ಸುಮಾರು 0.23 ಓಮ್ ತಡೆ. 1.5 ಆಂಪಿಯರ್‌ಗೆ ಅಲ್ಲೇ 0.35 ವೋಲ್ಟ್ ಹೋಯಿತು. ಕಿಲುಬಿನಲ್ಲಿ ಇನ್ನೊಂದು 0.5. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.6 ಇದ್ದರೂ ಪ್ಲಾಟರ್‌ಗೆ 10 ಸಿಗುತ್ತಿಲ್ಲ. ಅದು ಆರದೆ ಇನ್ನೇನು ಮಾಡಬೇಕು, ಅಲ್ವಾ?

ತವರ ಲೇಪನದ 2.5 ಚದರ ಮಿಲಿಮೀಟರ್ ವೈರ್ ಎಳೆಯಿರಿ. ಬರೀ ತಾಮ್ರ ಉಪ್ಪುಗಾಳಿಗೆ ಹೊದಿಕೆಯ ಒಳಗಿನಿಂದಲೇ ಕಪ್ಪಾಗುತ್ತಾ ಬರುತ್ತದೆ. ತಡೆ 0.07 ಓಮ್‌ಗೆ ಇಳಿಯುತ್ತದೆ, ಕಳೆದುಕೊಳ್ಳುವುದು 0.1 ವೋಲ್ಟ್ ಮಾತ್ರ. ನೀರು ನುಗ್ಗದ ಹೊಸ ಹೋಲ್ಡರ್ ಹಾಕಿ, ಅದು ಬ್ಯಾಟರಿಗೆ ಹತ್ತಿರದಲ್ಲೇ ಇರಲಿ, ಒಂದು ಗೇಣಿನೊಳಗೆ. ಫ್ಯೂಸಿಗಿಂತ ಮುಂಚಿನ ವೈರ್ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ, ಅದಕ್ಕೇ. ಫ್ಯೂಸ್ ಮ್ಯಾನ್ಯುಯಲ್ ಹೇಳಿದ ಆಂಪಿಯರಿನದೇ ಆಗಲಿ. ವೈರಿನ ತುದಿಯ ಲಗ್‌ಗಳನ್ನು ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿ.

ಮುಂದೆ ಬ್ಯಾಟರಿಯ ತುದಿಯಲ್ಲೇ 10ಕ್ಕಿಂತ ಕೆಳಗೆ ಇಳಿಯಲು ಶುರುವಾದರೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಎಲೆಕ್ಟ್ರಾನಿಕ್ಸ್‌ಗೆ ಬೇರೆ ಸಣ್ಣ ಬ್ಯಾಟರಿ ಇಡುವುದು ಇನ್ನೂ ಒಳ್ಳೆಯದು. ದಿನವಿಡೀ ಸೋನಾರ್ ಹಾಕಿ ತೇಲುತ್ತಾ ಕೂತರೂ ಸೆಲ್ಫ್‌ಗೆ ಬೇಕಾದ ಚಾರ್ಜ್ ಉಳಿದಿರುತ್ತದೆ.

ತಳನೋಟ:
ಟ್ರಾನ್ಸ್‌ಡ್ಯೂಸರ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲಿ ತುಂಬಾ ಸಮಯ ಕಳೆದಿದ್ದೇನೆ.

ಸೋನಾರ್ ಅಂದರೆ ಶಬ್ದ. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗಿ, ತಳಕ್ಕೆ ಬಡಿದು ವಾಪಸು ಬರಬೇಕು. ಟ್ರಾನ್ಸ್‌ಡ್ಯೂಸರ್ ಮುಖದ ಕೆಳಗೆ ಗಾಳಿಗುಳ್ಳೆ ಬಂದರೆ ಅಲ್ಲಿಗೇ ಮುಗಿಯಿತು, ಗಾಳಿಯನ್ನು ದಾಟಿ ಅದು ಹೋಗುವುದೇ ಇಲ್ಲ. ನಿಮ್ಮ ದೋಣಿ ವೇಗ ಹಿಡಿದಾಗ ಏಣಿನ ತುದಿಯಲ್ಲಿ ನೀರು ಮುರಿದು ನೊರೆಯಾಗುತ್ತದೆ, ಆ ನೊರೆ ನೇರವಾಗಿ ಟ್ರಾನ್ಸ್‌ಡ್ಯೂಸರ್ ಮೇಲೆಯೇ ಬರುತ್ತದೆ. ನಿಧಾನಕ್ಕೆ ಹೋದಾಗ ನೊರೆ ಇಲ್ಲ, ಆಳ ಬರುತ್ತದೆ. ಯೂನಿಟ್ ಕೆಟ್ಟಿದ್ದರೆ ನಿಂತಾಗಲೂ ಬರುತ್ತಿರಲಿಲ್ಲ.

ಬಲಬದಿಗೆ ಸಾಗಿಸಿ. ಒಂಟಿ ಎಂಜಿನ್‌ಗಳಲ್ಲಿ ಪ್ರೊಪೆಲರ್ ಸಾಮಾನ್ಯವಾಗಿ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಲಗಡೆ ಅಲಗು ಕೆಳಗೆ ಇಳಿಯುತ್ತದೆ, ಎಡಗಡೆ ಮೇಲೇಳುತ್ತದೆ. ಕಲಕಿದ ನೀರು ಎಡಕ್ಕೇ ಜಾಸ್ತಿ. ನಿಮ್ಮದು ಯಾವ ಕಡೆ ತಿರುಗುತ್ತದೆ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಪ್ರೊಪೆಲರ್‌ನಿಂದ 40 ಸೆಂಟಿಮೀಟರ್ ಆದರೂ ದೂರ ಇರಲಿ. ಜಾಗ ಆರಿಸಲು ಸುಲಭ ಉಪಾಯ ಇದೆ: ಇನ್ನೊಬ್ಬರಿಗೆ ದೋಣಿ ಓಡಿಸಲು ಕೊಟ್ಟು, ಒಳಗೆ ಭದ್ರವಾಗಿ ಕೂತು ಹಿಂದಿನ ನೀರನ್ನು ನೋಡಿ. ದೋಣಿಯ ಹಿಂದಿನ ಹಲಗೆಯಿಂದ ಬಿಟ್ಟು ಹೊರಡುವ ನೀರು ಎಲ್ಲಿ ಗಾಜಿನ ಹಾಗೆ ನಯವಾಗಿ ಬರುತ್ತದೋ ಅದೇ ಜಾಗ.

ದೋಣಿಗೆ ನೇರವಾಗಿ ತೂತು ಕೊರೆಯಬೇಡಿ. ಒಂದು ದಪ್ಪ ಪ್ಲಾಸ್ಟಿಕ್ ಹಲಗೆಯನ್ನು ಹಿಂಬದಿಗೆ ಕೂರಿಸಿ, ಟ್ರಾನ್ಸ್‌ಡ್ಯೂಸರನ್ನು ಅದರ ಮೇಲೆ ಬಿಗಿಯಿರಿ. ಮೊದಲ ಸಲಕ್ಕೇ ಸರಿಯಾಗುವುದು ಅಪರೂಪ. ಅರ್ಧ ಸೆಂಟಿಮೀಟರ್ ಇಳಿಸಿ ನೋಡುವುದು, ಕೋನ ಸ್ವಲ್ಪ ಬದಲಿಸುವುದು ಇದ್ದದ್ದೇ. ಆ ತೂತುಗಳೆಲ್ಲ ಪ್ಲಾಸ್ಟಿಕ್‌ನಲ್ಲೇ ಇರಲಿ. ಹಳೆಯ ತೂತುಗಳನ್ನು ಎಪಾಕ್ಸಿ ತುಂಬಿ ಮುಚ್ಚಿ, ನೀರು ಒಳಗೆ ಇಳಿದರೆ ಹಿಂದಿನ ಹಲಗೆಯೇ ಕೊಳೆಯುತ್ತದೆ. ಟ್ರಾನ್ಸ್‌ಡ್ಯೂಸರಿನ ಕೇಬಲ್ ಉದ್ದವಾಯಿತು ಅಂತ ಕತ್ತರಿಸಬೇಡಿ, ಸುತ್ತಿಡಿ. ಎಂಜಿನ್ ವೈರಿನ ಜೊತೆ ಕಟ್ಟಬೇಡಿ.

ತಳದ ಒಳಗೇ ಅಂಟಿಸುವ ಟ್ರಾನ್ಸ್‌ಡ್ಯೂಸರ್ ಕೂಡ ಇದೆ, ವೇಗದಲ್ಲೂ ಚೆನ್ನಾಗಿ ಆಳ ಕೊಡುತ್ತದೆ. ಆದರೆ ಆ ಜಾಗದಲ್ಲಿ ತಳ ಗಟ್ಟಿ ಫೈಬರ್ ಆಗಿರಬೇಕು. ನಡುವೆ ಮರವೋ ಫೋಮೋ ಇದ್ದರೆ ಕೆಲಸ ಮಾಡುವುದಿಲ್ಲ. ನೀರಿನ ಉಷ್ಣತೆಯೂ ಸರಿಯಾಗಿ ಸಿಗುವುದಿಲ್ಲ.

ಗಾಳದ ಗೆಳೆಯ:
ಎರಡು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ವೈರ್, ಹೋಲ್ಡರ್ ಎರಡೂ ಹೊಸದು ಹಾಕಿದೆ. ಸೆಲ್ಫ್ ಹೊಡೆದಾಗ ಪ್ಲಾಟರ್ ಹಿಂದೆ ಈಗ 10.4. ಪರದೆ ಒಂದು ಸಲ ಕೂಡ ಆರಿಲ್ಲ. ಟ್ರಾನ್ಸ್‌ಡ್ಯೂಸರ್ ಬಲಕ್ಕೆ ಹೋಯಿತು, ಮೂರು ಸಲ ಇಳಿಸಿ ಏರಿಸಿದ ಮೇಲೆ 18 ನಾಟ್‌ನಲ್ಲೂ ಆಳ ನಿಲ್ಲುತ್ತಿದೆ. ನಿಮ್ಮಿಬ್ಬರಿಗೂ ಮನಸಾರೆ ವಂದನೆ.

ಆದರೂ 5 ಇಂಚು ನನ್ನ ಕಣ್ಣಿಗೆ ಸಾಲುತ್ತಿಲ್ಲ. ನಕ್ಷೆ ಮತ್ತು ಸೋನಾರ್ ಎರಡನ್ನೂ ಒಟ್ಟಿಗೆ ಇಟ್ಟರೆ ಏನೂ ಓದಲು ಆಗುವುದಿಲ್ಲ. ಈಗ ನಿಧಾನವಾಗಿ ಆರಿಸೋಣ ಅಂತಿದ್ದೇನೆ. ಏನು ನೋಡಬೇಕು?

ತಳನೋಟ:
ಪರದೆಯನ್ನು ಎರಡು ಭಾಗ ಮಾಡುವವರಿಗೆ 9 ಇಂಚು ಸರಿಯಾದ ಅಳತೆ. 7 ಇಂಚಿನಲ್ಲೂ ನಡೆಯುತ್ತದೆ, ಆದರೆ ಓಡುವ ದೋಣಿಯಲ್ಲಿ ಪುಟ್ಟ ಅಕ್ಷರ ಓದುವುದು ಕಷ್ಟ. ಬಟನ್ ಇರುವುದನ್ನೇ ನೋಡಿ, ಅಥವಾ ಟಚ್ ಮತ್ತು ಬಟನ್ ಎರಡೂ ಇರಲಿ. ಕೈಗೆ ಮೀನಿನ ಲೋಳೆ ಮೆತ್ತಿರುವಾಗ, ಪರದೆ ಮೇಲೆ ಹನಿ ಬಿದ್ದಿರುವಾಗ ಬರೀ ಟಚ್ ನಂಬಲು ಆಗುವುದಿಲ್ಲ. ಬಿಸಿಲಿನಲ್ಲಿ, ನಿಮ್ಮ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಪರದೆ ನೋಡಿ. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ನಿಮ್ಮ ಆಳಕ್ಕೆ ಸೋನಾರ್ ಯಾವುದು ಅನ್ನುವುದೇ ಮುಖ್ಯ. 200 ಕಿಲೋಹರ್ಟ್ಸ್ ಕಿರಣದ ಕೋನ 20 ಡಿಗ್ರಿ ಅಂದುಕೊಳ್ಳಿ. 30 ಮೀಟರ್ ಆಳದಲ್ಲಿ ಅದು ನೋಡುವ ವೃತ್ತ ಸುಮಾರು 10 ಮೀಟರ್ ಅಗಲ, ಆಳದ ಮೂರನೇ ಒಂದು ಭಾಗ. 50 ಕಿಲೋಹರ್ಟ್ಸ್‌ನದು 45 ಡಿಗ್ರಿ ಇದ್ದರೆ 25 ಮೀಟರ್ ಅಗಲ. ಅಗಲ ಜಾಸ್ತಿ ಅಂದರೆ ಮೀನು ಜಾಸ್ತಿ ಕಾಣುತ್ತದೆ ನಿಜ, ಆದರೆ ಅದು ದೋಣಿಯ ಕೆಳಗೇ ಇದೆಯೋ 12 ಮೀಟರ್ ಪಕ್ಕದಲ್ಲಿದೆಯೋ ಗೊತ್ತಾಗುವುದಿಲ್ಲ. ತಳಕ್ಕೆ ಅಂಟಿಕೊಂಡ ಮೀನು ಬಂಡೆಯ ಗುರುತಿನಲ್ಲೇ ಸೇರಿಹೋಗುತ್ತದೆ. ನಿಮ್ಮದು 40 ಮೀಟರ್‌ವರೆಗೆ. 200ರ ಸುತ್ತಮುತ್ತ ಕೆಲಸ ಮಾಡುವ ಚರ್ಪ್ ಸೋನಾರ್ ಸಾಕು. ಅದು ಒಂದೇ ಸ್ವರದ ಬದಲು ಸ್ವರವನ್ನು ಜಾರಿಸುತ್ತಾ ಕಳಿಸುತ್ತದೆ, ಹಾಗಾಗಿ ಹತ್ತಿರ ಹತ್ತಿರ ಇರುವ ಮೀನುಗಳನ್ನು ಬಿಡಿಸಿ ತೋರಿಸುತ್ತದೆ. 455, 800 ಕಿಲೋಹರ್ಟ್ಸ್‌ನ ಇಮೇಜಿಂಗ್ ಸೋನಾರ್ ಬಂಡೆಯ ಆಕಾರವನ್ನು ಫೋಟೋದ ಹಾಗೆ ತೋರಿಸುತ್ತದೆ, ಆದರೆ ಆಳಕ್ಕೆ ಹೋದಂತೆ ಬೇಗ ಸೋಲುತ್ತದೆ.

ಹಳೇ ಲಂಗರು:
ನಕ್ಷೆಯ ಬಗ್ಗೆ ಒಂದು ಮಾತು. ಯೂನಿಟ್ ಮೊದಲು ಆರಿಸಿ ನಕ್ಷೆ ಆಮೇಲೆ ಹುಡುಕುವವರೇ ಜಾಸ್ತಿ, ಅದನ್ನು ತಿರುವುಮುರುವು ಮಾಡಿ. ನೀವು ಹೋಗುವ ನೀರಿಗೆ ಯಾರ ನಕ್ಷೆಯಲ್ಲಿ ವಿವರ ಚೆನ್ನಾಗಿದೆ ಅಂತ ನೋಡಿ, ಅದನ್ನು ಓದುವ ಯೂನಿಟ್ ತೆಗೆದುಕೊಳ್ಳಿ. ನಕ್ಷೆ ಮಾಡುವ ನ್ಯಾವಿಯಾನಿಕ್ಸ್ 2017ರಿಂದ ಪ್ಲಾಟರ್ ಕಂಪನಿ ಗಾರ್ಮಿನ್ ಕೈಯಲ್ಲಿದೆ. ಲೌರೆನ್ಸ್, ಸಿಮ್ರಾಡ್ ಪ್ಲಾಟರ್‌ಗಳು ಒಂದೇ ಬಳಗ, ಅವು ಸಿ-ಮ್ಯಾಪ್ ನಕ್ಷೆಯ ಜೊತೆ ಬರುತ್ತವೆ. ಒಂದರ ಕಾರ್ಡ್ ಇನ್ನೊಂದರಲ್ಲಿ ಓದುತ್ತದೆ ಅಂತ ಊಹಿಸಬೇಡಿ. ಜೂಮ್ ಮಾಡಿದಷ್ಟೂ ನಕ್ಷೆ ದೊಡ್ಡದಾಗುತ್ತದೆ, ಅದರ ಹಿಂದಿನ ಅಳತೆ ಹೊಸದಾಗುವುದಿಲ್ಲ. ಬಂಡೆ ಹತ್ತಿರ ನಿಮ್ಮ ಸೋನಾರ್ ಹೇಳುವ ಆಳವನ್ನೇ ನಂಬಿ.

ಎನ್‌ಎಂಇಎ 2000 (ದೋಣಿಯ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ ಜಾಲ) ಇರುವುದನ್ನೇ ತೆಗೆದುಕೊಳ್ಳಿ. ಬೇರೆ ಬೇರೆ ಕಂಪನಿಯವು ಅದರ ಮೂಲಕ ಸ್ಥಾನ, ಆಳದ ಅಂಕಿ, ಎಐಎಸ್ (ಸುತ್ತಲಿನ ಹಡಗುಗಳು ರೇಡಿಯೋದಲ್ಲಿ ಕಳಿಸುವ ತಮ್ಮ ಗುರುತು ಮತ್ತು ಸ್ಥಾನ) ಹಂಚಿಕೊಳ್ಳುತ್ತವೆ. ಸೋನಾರ್ ಚಿತ್ರ, ರೇಡಾರ್ ಚಿತ್ರ ಮಾತ್ರ ಅದರಲ್ಲಿ ಹೋಗುವುದಿಲ್ಲ.

ಇನ್ನೊಂದು, ಮನಸ್ಸಿಟ್ಟು ಹೇಳುತ್ತಿದ್ದೇನೆ. ದೋಣಿಯಲ್ಲಿ ಕೂರಿಸಿದ 25 ವ್ಯಾಟ್‌ನ ವಿಎಚ್‌ಎಫ್ ರೇಡಿಯೋ (ಬೇರೆ ದೋಣಿ, ದಡದವರ ಜೊತೆ ಮಾತಾಡುವಂಥದ್ದು) ಇಲ್ಲದಿದ್ದರೆ 9 ಇಂಚು ಬಿಟ್ಟು 7 ಇಂಚು ತೆಗೆದುಕೊಳ್ಳಿ, ಉಳಿದ ಹಣ ರೇಡಿಯೋಗೆ ಹಾಕಿ. ಡಿಎಸ್‌ಸಿ (ಬಟನ್ ಒತ್ತಿದರೆ ತಾನೇ ಅಪಾಯದ ಕರೆ ಕಳಿಸುವ ಸೌಲಭ್ಯ) ಇರುವುದು ಬೇಕು, ಅದಕ್ಕೆ ನಿಮ್ಮ ರೇಡಿಯೋದ ಗುರುತಿನ ಸಂಖ್ಯೆಯಾದ 9 ಅಂಕಿಯ ಎಂಎಂಎಸ್‌ಐ ತುಂಬಿಸಬೇಕು, ಜಿಪಿಎಸ್ ಜೋಡಿಸಬೇಕು. ಆಗ ಕೆಂಪು ಬಟನ್ ಒತ್ತಿದರೆ ನಿಮ್ಮ ಸ್ಥಾನವೂ ಜೊತೆಗೆ ಹೋಗುತ್ತದೆ. ಜಿಪಿಎಸ್ ಜೋಡಿಸದ ರೇಡಿಯೋ ಸಹಾಯ ಬೇಕು ಅಂತ ಕೂಗುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.

ತೇಲುದೋಣಿ:
ನಡುವೆ ನನ್ನದೊಂದು ಪ್ರಶ್ನೆ. ಎಂಜಿನ್ ನಿಲ್ಲಿಸಿ ತೇಲುವಾಗ ಪ್ಲಾಟರ್‌ನಲ್ಲಿ ದೋಣಿಯ ಚಿಹ್ನೆ ಗಿರಗಿರ ತಿರುಗುತ್ತದೆ. ಜಿಪಿಎಸ್ ಕೆಟ್ಟಿದೆಯಾ?

ತಳನೋಟ:
ಕೆಟ್ಟಿಲ್ಲ. ಜಿಪಿಎಸ್‌ಗೆ ಗೊತ್ತಿರುವುದು ನೀವು ಯಾವ ಕಡೆ ಸಾಗುತ್ತಿದ್ದೀರಿ ಅಂತ, ಮೂತಿ ಯಾವ ಕಡೆ ಇದೆ ಅಂತ ಅಲ್ಲ. ನಿಂತಾಗ ಸ್ಥಾನ ಮೀಟರ್ ಎರಡು ಮೀಟರ್ ಅತ್ತಿತ್ತ ಆಡುತ್ತದೆ, ಅದನ್ನೇ ಚಲನೆ ಅಂದುಕೊಂಡು ಚಿಹ್ನೆ ತಿರುಗುತ್ತದೆ. ಮೂತಿಯ ದಿಕ್ಕು ಹೇಳುವ ಹೆಡಿಂಗ್ ಸೆನ್ಸರ್ (ಎಲೆಕ್ಟ್ರಾನಿಕ್ ದಿಕ್ಸೂಚಿ) ಹಾಕಿದರೆ ನಿಲ್ಲುತ್ತದೆ. ಸ್ಪೀಕರ್, ಎಂಜಿನ್, ದಪ್ಪ ವೈರುಗಳಿಂದ ಒಂದು ಮೀಟರ್ ಆದರೂ ದೂರ ಇಡಿ. ಶಾಂತ ನೀರಿನಲ್ಲಿ ನಿಧಾನಕ್ಕೆ ಸುತ್ತು ಹಾಕಿ ಹೊಂದಿಸಬೇಕು.

ಹಳೇ ಲಂಗರು:
ಗೆಳೆಯರೇ, ಹಳೆಯದನ್ನು ಬಿಚ್ಚುವ ಮುನ್ನ ಅದರಲ್ಲಿ ಉಳಿಸಿಟ್ಟ ಬಂಡೆ ಜಾಗಗಳ ಗುರುತುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿ. ಜಿಪಿಎಕ್ಸ್ ಫೈಲ್ ಆಗಿ ಉಳಿಸಲು ಬಂದರೆ ಅದೇ ಉತ್ತಮ, ಬೇರೆ ಕಂಪನಿಯ ಯೂನಿಟ್ ಕೂಡ ಓದುತ್ತದೆ. ನನ್ನ ಹಳೆಯ ಯೂನಿಟ್ ಒಂದು ಬೆಳಿಗ್ಗೆ ಎದ್ದೇಳಲಿಲ್ಲ. 11 ವರ್ಷದ ಬಂಡೆಗಳು ಅದರಲ್ಲೇ ಹೋದವು. ಇನ್ನೂ ಕೆಲವು ಸಿಕ್ಕಿಲ್ಲ.

ಗಾಳದ ಗೆಳೆಯ:
ಓದಿದ ಕೂಡಲೇ ದೋಣಿಗೆ ಹೋಗಿ ಉಳಿಸಿಕೊಂಡು ಬಂದೆ, 214 ಗುರುತುಗಳು. ದೋಣಿಯಲ್ಲಿ ಕೂರಿಸಿದ ರೇಡಿಯೋ ಇರಲಿಲ್ಲ, ಇಷ್ಟು ದಿನ ಕೈಯಲ್ಲಿ ಹಿಡಿಯುವುದೊಂದೇ ಇತ್ತು. ಹಾಗಾಗಿ 7 ಇಂಚಿನ ಪ್ಲಾಟರ್, ಜೊತೆಗೆ 25 ವ್ಯಾಟ್‌ನ ರೇಡಿಯೋ ಅಂತ ನಿರ್ಧಾರ ಮಾಡಿದೆ. ಆಂಟೆನಾ ಎಲ್ಲಿ ಕೂರಿಸಬೇಕು ಅನ್ನುವುದನ್ನು ಅಳತೆ ತೆಗೆದು ಬಂದು ಕೇಳುತ್ತೇನೆ.