ಸಹಾಯ ಬೇಕು: ಮೆಸೇಜಿಂಗ್ ಆ್ಯಪ್ ಕಂಪ್ಯೂಟರಿನಲ್ಲಿ ಉಳಿಸುವ ಕಡತಗಳ ಸುರಕ್ಷತೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಣ್ಣದೊಂದು ತೆರಿಗೆ ಸಲಹಾ ಕಚೇರಿ ನಡೆಸುತ್ತಿದ್ದೇನೆ. ಮೆಕ್ಕೆಜೋಳದ ವ್ಯಾಪಾರಿಗಳು, ಮಂಡಕ್ಕಿ ಭಟ್ಟಿಯವರು ತಮ್ಮ ಆಧಾರ್, ಪ್ಯಾನ್ ಕಾರ್ಡು, ಪಾಸ್‌ಬುಕ್ಕುಗಳ ಫೋಟೋಗಳನ್ನು ಮೊಬೈಲಿನಿಂದ ಕಳುಹಿಸುತ್ತಾರೆ. ನಾವು ಅವನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯುತ್ತೇವೆ.

ಕಳೆದ ವಾರ ಡಿಸ್ಕ್ ತುಂಬಿತೆಂದು ವಿಂಡೋಸ್‌ನಲ್ಲಿ ಆ್ಯಪ್‌ಗಳು ತಮ್ಮ ಕಡತಗಳನ್ನು ಇಡುವ ಆ್ಯಪ್‌ಡೇಟಾ ಫೋಲ್ಡರನ್ನು ಜಾಲಾಡುತ್ತಿದ್ದಾಗ, ಅಂಕಿ ಅಕ್ಷರಗಳು ಬೆರೆತ ಉದ್ದ ಹೆಸರಿನ ಕಡತವೊಂದನ್ನು ಒತ್ತಿದೊಡನೆ, 2 ವರ್ಷಗಳ ಹಿಂದೆಯೇ ಚಾಟ್‌ನಿಂದ ಅಳಿಸಿದ್ದ ಗ್ರಾಹಕರೊಬ್ಬರ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ ಮತ್ತು ಸಹಿ ಸಮೇತ, ಯಾವ ಪಾಸ್‌ವರ್ಡನ್ನೂ ಕೇಳದೆ ತೆರೆದುಕೊಂಡಿತು. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಗೂಢಲಿಪಿ) ದಾರಿಯಲ್ಲಿರುವ ಸಂದೇಶವನ್ನು ಕಾಯುತ್ತದೆಯೇ ಹೊರತು ಬಂದಿಳಿದ ಕಡತವನ್ನಲ್ಲ. ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪಿನ ಕಂಪ್ಯೂಟರ್ ಆವೃತ್ತಿಯಲ್ಲಿಯೂ ಸಂದೇಶಗಳ ಡೇಟಾಬೇಸಿನ ಗೂಢಲಿಪಿ ಬಿಡಿಸುವ ಕೀಲಿಯು ಕಾನ್ಫಿಗ್ (ಸೆಟ್ಟಿಂಗುಗಳ) ಕಡತದಲ್ಲಿ ಸಾದಾ ಪಠ್ಯವಾಗಿಯೇ ಇರುವುದು 2018ರಲ್ಲಿ ಬೆಳಕಿಗೆ ಬಂದಿತ್ತು. ಆ ಕೀಲಿಯನ್ನು ಆಪರೇಟಿಂಗ್ ಸಿಸ್ಟಮ್‌ನ ಸುರಕ್ಷಿತ ವ್ಯವಸ್ಥೆಗೆ ಒಪ್ಪಿಸುವ ಬದಲಾವಣೆ ಬಂದದ್ದು 2024ರಲ್ಲಿ. ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದರೆ ಕಂಪ್ಯೂಟರ್ ಕಳವಾದಾಗ ರಕ್ಷಣೆ ಸಿಗುತ್ತದೆ, ಆದರೆ ಲಾಗಿನ್ ಆಗಿರುವಾಗ ಅದೇ ಖಾತೆಯಲ್ಲಿ ಓಡುವ ಯಾವುದೇ ಕುತಂತ್ರಾಂಶವು ಈ ಕಡತಗಳನ್ನು ಓದಬಲ್ಲದು. ನಮ್ಮಲ್ಲಿ ಮೂವರು ಒಂದೇ ಖಾತೆಯನ್ನು ಬಳಸುತ್ತಿದ್ದೆವು, ಈಗ ಬೇರ್ಪಡಿಸಿದ್ದೇನೆ.

ಬಲ್ಲವರು ದಯವಿಟ್ಟು ತಿಳಿಸಿ: ಆ್ಯಪ್ ಕೆಡದಂತೆ ಈ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿದ ಬೇರೆ ಡ್ರೈವಿಗೆ ಸ್ಥಳಾಂತರಿಸಬಹುದೇ? ಎಸ್‌ಎಸ್‌ಡಿಯಲ್ಲಿ (ಚಿಪ್‌ಗಳಲ್ಲಿ ಡೇಟಾ ಉಳಿಸುವ ಡಿಸ್ಕ್) ಅಳಿಸಿದ್ದು ಮರಳಿ ಸಿಗದಂತೆ ಮಾಡುವುದು ಹೇಗೆ? ವಾರಕ್ಕೊಮ್ಮೆ ತೆಗೆದ ಬ್ಯಾಕಪ್‌ಗಳಲ್ಲಿ ಈಗಾಗಲೇ ಸೇರಿಹೋಗಿರುವ ಪ್ರತಿಗಳೇ ನನ್ನ ದೊಡ್ಡ ಚಿಂತೆ. ದಾವಣಗೆರೆ ಅಥವಾ ಹರಿಹರದಲ್ಲಿ ಈ ಕೆಲಸ ತಿಳಿದವರಿದ್ದರೆ, ಕಚೇರಿಗೆ ಬಂದು ನನ್ನೆದುರಿಗೇ ಮಾಡಿಕೊಡಬೇಕೆಂದು ಕೋರುತ್ತೇನೆ; ತಕ್ಕ ಶುಲ್ಕ ಕೊಡುತ್ತೇನೆ, ಆದರೆ ಡಿಸ್ಕನ್ನು ಹೊರಗೆ ಕಳುಹಿಸಲಾರೆ.